ಪಂಡಿತರು ಊಟ ಬಿಟ್ಟ ಪ್ರಕರಣ

ನಮ್ಮ ಕಡೆ ‘ಊಟ ಆಯಿತಾ?’ ಎಂದು ಕೇಳುವವರಿಗೆ ಊಟದ ವಿಷಯ ಬೇಕಾಗಿರುವುದಿಲ್ಲ. ಬಸ್ಸು ಕಾಯುವಾಗ, ತೋಡು ದಾಟುವಾಗ, ಕೋರ್ಟಿನಲ್ಲಿ ಎದುರಾಳಿಯ ಮುಖ ಕಂಡಾಗಲೂ ಅದು ಬಾಯಿಂದ ತಾನಾಗಿ ಹೊರಡುತ್ತದೆ. ತುಳುವಿನಲ್ಲಿ ‘ಒಣಸ್ ಆಂಡಾ?’ ಎಂದರೂ ಅಷ್ಟೆ, ಕನ್ನಡದಲ್ಲಿ ಕೇಳಿದರೂ ಅಷ್ಟೆ. ಉತ್ತರ ಒಂದೇ: ‘ಆಯಿತು.’ ಒಲೆಯ ಮೇಲೆ ಅಕ್ಕಿ ಇನ್ನೂ ಕುದಿಯುತ್ತಿದ್ದರೂ ಆಯಿತು. ಮನೆಯಲ್ಲಿ ಅಕ್ಕಿಯೇ ಇಲ್ಲದಿದ್ದರೂ ಆಯಿತು. ಈ ಒಂದು ಸುಳ್ಳಿನ ಆಧಾರದ ಮೇಲೆ ಊರಿಗೆ ಊರೇ ನೆಮ್ಮದಿಯಿಂದ ಬದುಕಿಕೊಂಡಿತ್ತು. ಅದನ್ನು ಕೆಡಿಸಿದವರು ನಮ್ಮ ಅಪ್ಪಯ್ಯ.

ಅಪ್ಪಯ್ಯ, ಎಂದರೆ ವಿಷ್ಣುಮೂರ್ತಿ ಉಪಾಧ್ಯರು, ಉದ್ಯಾವರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಯಾರಾದರೂ ‘ಅನ್ನ ತಿಂದೆ’ ಎಂದರೆ ಅವರನ್ನು ದಾರಿಯಲ್ಲೇ ನಿಲ್ಲಿಸಿ, “ಅನ್ನ ಉಣ್ಣುವುದು, ದೋಸೆ ತಿನ್ನುವುದು, ಮಜ್ಜಿಗೆ ಕುಡಿಯುವುದು. ಬಾಯಿ ಒಂದೇ ಆದರೂ ಕ್ರಿಯಾಪದ ಮೂರು” ಎಂದು ತಿದ್ದಿ ಕಳಿಸುವವರು. ಸುಳ್ಳು ಹೇಳಿದವರಲ್ಲ. ಸುಳ್ಳೆಂದರೆ ಅವರ ಲೆಕ್ಕದಲ್ಲಿ ಪಾಪಕ್ಕಿಂತ ಹೆಚ್ಚಾಗಿ ವ್ಯಾಕರಣದ ತಪ್ಪು.

ಆ ವರ್ಷ ತುಳಸಿಪೂಜೆ ಕಳೆದದ್ದೇ ಅಣ್ಣ ಹೃಷೀಕೇಶನ ಮದುವೆಯಾಯಿತು. ಅತ್ತಿಗೆ ಸುಭಾಷಿಣಿ ಕಾರ್ಕಳದವಳು, ನನ್ನದೇ ಪ್ರಾಯ. ಅವಳ ತಂದೆ ತಾರಾನಾಥ ಭಟ್ಟರಿಗೆ ಅಲ್ಲಿ ದೊಡ್ಡ ಪಾತ್ರೆ ಅಂಗಡಿ. ಮದುವೆಯ ಚಪ್ಪರ ಬಿಚ್ಚುವಷ್ಟರಲ್ಲಿ ಅಕ್ಕನ ಬಾಣಂತನಕ್ಕೆಂದು ಅಮ್ಮ ಬೊಂಬಾಯಿಗೆ ಹೊರಡಬೇಕಾಯಿತು. ಹೊರಡುವಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅತ್ತಿಗೆಗೆ ಹೇಳಿದ್ದು ಒಂದೇ ಮಾತು: “ನಿನ್ನ ಗಂಡ ಮಣಿಪಾಲದಲ್ಲಿ ಬ್ಯಾಂಕಿನ ಕ್ಯಾಂಟೀನಿನಲ್ಲಿ ಏನಾದರೂ ತಿಂದುಕೊಳ್ಳುತ್ತಾನೆ ಮಗಾ. ಮಾವನ ಹೊಟ್ಟೆ ಮಾತ್ರ ನಿನ್ನ ಕೈಯಲ್ಲಿ.”

ಅತ್ತಿಗೆ ಆ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡಳು. ಒಂದು ದಿನ ಮಟ್ಟುಗುಳ್ಳ ಬದನೆಯ ಹುಳಿ, ಮರುದಿನ ಬಾಳೆದಿಂಡಿನ ಸಾಸಮೆ, ಅದರ ಮರುದಿನ ಎಳೆ ಹಲಸಿನ ಗುಜ್ಜೆ ಪಲ್ಯ. ಅಪ್ಪಯ್ಯ ಹುಳಿಗೆಂದು ಅನ್ನ ಹಾಕಿಸಿಕೊಳ್ಳುವರು. ಹುಳಿ ಮುಗಿದು ಅನ್ನ ಉಳಿದರೆ ಅನ್ನಕ್ಕೆಂದು ಹುಳಿ ಹಾಕಿಸಿಕೊಳ್ಳುವರು. ಎರಡೂ ಒಟ್ಟಿಗೆ ಮುಗಿಯುವ ಶುಭಮುಹೂರ್ತ ಬಹಳ ತಡವಾಗಿ ಬರುತ್ತಿತ್ತು. ಹೀಗೆ ಮಾವನ ಹೊಟ್ಟೆ ಸೊಸೆಯ ಕೈಯಲ್ಲಿ ದಿನದಿಂದ ದಿನಕ್ಕೆ ಬೆಳೆಯಿತು. ಜುಬ್ಬದ ಗುಂಡಿಗಳು ಮೊದಲು ಬಿಗಿದವು, ಆಮೇಲೆ ರಾಜೀನಾಮೆ ಕೊಟ್ಟವು.

ಅನಾಹುತ ಶುರುವಾದದ್ದು ಬಸ್ಸಿನಲ್ಲಿ. ಶಾಲೆಗೆ ಹೋಗುವ ಬಸ್ಸಿನ ಕಂಡಕ್ಟರ್ ಕಿಟ್ಟ, ಅಪ್ಪಯ್ಯನ ಹಳೆಯ ವಿದ್ಯಾರ್ಥಿ. ಸಂಧಿಯಲ್ಲಿ ಎರಡು ಸಲ ಫೇಲಾದವನು. ಸೀಟಿನಲ್ಲಿ ಅಪ್ಪಯ್ಯನ ಪಕ್ಕ ಕೂತಿದ್ದ ಬಡಪಾಯಿಯೊಬ್ಬ ಕಿಟಕಿಗೆ ಅಂಟಿಕೊಂಡು ಉಸಿರು ಹಿಡಿದದ್ದನ್ನು ನೋಡಿ ಅವನು ಟಿಕೆಟ್ ಪುಸ್ತಕ ತೆರೆದು, ಇಡೀ ಬಸ್ಸಿಗೆ ಕೇಳುವ ಹಾಗೆ, ಬಹಳ ವಿನಯದಿಂದ ವಿಚಾರಿಸಿದ:

“ಪಂಡಿತರೇ, ತಮಗೆ ಒಂದು ಕೊಡುವುದಾ, ಒಂದೂವರೆಯಾ?”

ಬಸ್ಸು ನಕ್ಕಿತು. ಡ್ರೈವರ್ ನಕ್ಕ. ಕಿಟಕಿಗೆ ಅಂಟಿದ್ದ ಬಡಪಾಯಿಯೂ ಇದ್ದ ಜಾಗದಲ್ಲೇ ಸಾಧ್ಯವಾದಷ್ಟು ನಕ್ಕ.

ಅಂದು ಸಂಜೆ ಅಪ್ಪಯ್ಯ ಮನೆಗೆ ಬಂದದ್ದು ಬಗಲಲ್ಲಿ ಕಾಗದ ಸುತ್ತಿದ ಒಂದು ಡಬ್ಬ ಹಿಡಿದುಕೊಂಡು. ನಮ್ಮ ಕಾಪು ಪೇಟೆಯಲ್ಲಿ ಮೊಯ್ದೀನ್ ಸಾಹೇಬರ ಅಂಗಡಿ ಉಂಟು. ದುಬೈಯಲ್ಲಿ ಕೆಲಸ ಮಾಡಿ ಬಂದವರು. ಸೆಂಟು, ಟಾರ್ಚು, ನೈಲಾನ್ ಸೀರೆ, ಎಲ್ಲ ಗಲ್ಫಿನದೇ. ಅವರು ಅಪ್ಪಯ್ಯನಿಗೆ ಉಪದೇಶ ಮಾಡಿದ್ದರಂತೆ: “ಮಾಷ್ಟ್ರೇ, ಅಲ್ಲಿ ದೊಡ್ಡ ದೊಡ್ಡ ಇಂಜಿನಿಯರ್‌ಗಳು ಊಟ ಮಾಡುವುದೇ ಇಲ್ಲ. ಬೆಳಿಗ್ಗೆ ಇದು, ಮಧ್ಯಾಹ್ನ ಇದು, ರಾತ್ರಿ ಇದು. ಹಸಿವೆಯೇ ಹತ್ತಿರ ಬರುವುದಿಲ್ಲ. ನೋಡಿ, ಡಬ್ಬದ ಮೇಲೆ ಈ ಹೆಂಗಸಿನ ಸೊಂಟ ನೋಡಿ. ಟೇಪು ಸುತ್ತಿದರೂ ಟೇಪು ಉಳಿದಿದೆ!”

ಅಪ್ಪಯ್ಯ ನನ್ನನ್ನು ದೇವರ ಕೋಣೆಗೆ ಕರೆದು ದೀಪದ ಮುಂದೆ ನಿಲ್ಲಿಸಿದರು.

“ಸ್ವರ್ಣಲತಾ, ಈ ಮನೆಯಲ್ಲಿ ಬಾಯಿಯಿದ್ದೂ ಮಾತಾಡದವಳು ನೀನೊಬ್ಬಳೇ. ಆದುದರಿಂದ ನಿನಗೆ ಹೇಳುತ್ತೇನೆ. ಇಂದಿನಿಂದ ನನಗೆ ಊಟ ಇಲ್ಲ. ಇದೇ ಆಹಾರ. ಯಾಕೆಂದು ಯಾರಿಗೂ ತಿಳಿಯಕೂಡದು. ‘ತೂಕ’ ಎಂಬ ಶಬ್ದ ಈ ಮನೆಯಿಂದ ಹೊರಗೆ ಹೋಗಕೂಡದು. ಹೋದರೆ ಅದು ಕಿಟ್ಟನ ಕಿವಿಗೆ ಬೀಳುತ್ತದೆ, ಕಿಟ್ಟನ ಕಿವಿಗೆ ಬಿದ್ದದ್ದು ಮಂಗಳೂರಿನವರೆಗೆ ಹೋಗುತ್ತದೆ. ಆಣೆ ಇಡು.”

“ಅತ್ತಿಗೆಗೆ?” ಎಂದೆ.

“ಅವಳಿಗೂ ಇಲ್ಲ. ಪಾಪ, ತನ್ನ ಅಡುಗೆಯಿಂದ ಹೀಗಾಯಿತೆಂದು ತಿಳಿದರೆ ನೊಂದುಕೊಂಡಾಳು.”

ಆಣೆ ಇಟ್ಟೆ. ಅತ್ತಿಗೆ ನೋಯಬಾರದೆಂದು ಮಾಡಿದ ಈ ಏರ್ಪಾಡು ಎಷ್ಟು ಪರಿಪೂರ್ಣವಾಗಿತ್ತೆಂದರೆ, ಅವಳನ್ನು ನೋಯಿಸಲಿಕ್ಕೆಂದೇ ಹತ್ತು ಜನ ಕೂತು ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯದು ಹೊಳೆಯುತ್ತಿರಲಿಲ್ಲ.

ಆ ರಾತ್ರಿ ಅತ್ತಿಗೆ ಎಲೆ ಹಾಕಿ ಕರೆದಳು. ಅಪ್ಪಯ್ಯ, “ನನಗೆ ಅನ್ನ ಬೇಡ” ಎಂದರು.

“ಹುಷಾರಿಲ್ಲವಾ ಮಾವ?”

“ಹುಷಾರುಂಟು.”

“ಹಾಗಾದರೆ ಎಂತ ಬೇಕು?”

“ಒಂದು ಲೋಟ ಹಾಲು. ಬಾಗಿಲು ಹಾಕಿಕೊಂಡು ಹೋಗು.”

ಮುಚ್ಚಿದ ಬಾಗಿಲ ಹಿಂದೆ ಅಪ್ಪಯ್ಯನಿಗೂ ಡಬ್ಬಕ್ಕೂ ಮೊದಲ ಸಮಾಗಮವಾಯಿತು. ಬಿಸಿ ಹಾಲಿಗೆ ಬಿದ್ದದ್ದೇ ಅದು ಗಂಜಿಯಾಯಿತು. ಗಂಜಿಯೆಂದ ಮೇಲೆ ಉಪ್ಪು ಬೇಡವೇ? ಉಪ್ಪು ಹಾಕಿದರು. ಹಾಲು ಒಡೆಯಿತು. ಒಡೆದ ಹಾಲಿನ ಗಂಜಿಗೆ ಮಾವಿನ ಮಿಡಿಯೊಂದೇ ಗತಿಯೆಂದು ನನ್ನಿಂದ ಮಿಡಿ ತರಿಸಿದರು. ಆ ಮಿಶ್ರಣವನ್ನು ಉಣ್ಣುವುದೋ ತಿನ್ನುವುದೋ ಕುಡಿಯುವುದೋ ಎಂದು ಬಹಳ ಹೊತ್ತು ವಿಚಾರ ಮಾಡಿ, ಕೊನೆಗೆ “ಸಹಿಸುವುದು” ಎಂದು ನಿರ್ಣಯಿಸಿದರು. ಡಬ್ಬದ ಮೇಲೆ ಬರೆದಿದ್ದ ‘ಕಾರ್ನ್ ಫ್ಲೇಕ್ಸ್’ಗೆ ಒಂದು ಕನ್ನಡದ ಹೆಸರನ್ನೂ ಇಟ್ಟರು: ‘ಜೋಳದ ಪೊರೆ’. ಹಾವು ಬಿಡುವುದನ್ನು ಪಂಡಿತರು ಹಿಡಿದುಕೊಂಡರು.

ಕಷ್ಟವಿದ್ದದ್ದು ಪೊರೆಯಲ್ಲಿ ಅಲ್ಲ, ಒಗ್ಗರಣೆಯಲ್ಲಿ. ಅತ್ತಿಗೆ ಸಾಸಿವೆ ಸಿಡಿಸಿ ಇಂಗು ಹಾಕಿದಳೆಂದರೆ ಅಪ್ಪಯ್ಯನ ಪ್ರತಿಜ್ಞೆ ಬುಡಸಮೇತ ಅಲ್ಲಾಡುತ್ತಿತ್ತು. ಅದಕ್ಕೊಂದು ಉಪಾಯ ಕಂಡುಕೊಂಡರು. ಸೌಟಿನ ಸದ್ದಾದದ್ದೇ ಹೆಗಲ ಬೈರಾಸನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಅಂಗಳಕ್ಕೆ ಓಡುವುದು, ಒಗ್ಗರಣೆಯ ವಾಸನೆ ಹೋಗುವವರೆಗೆ ಬಾವಿಕಟ್ಟೆಯ ಸುತ್ತ ತಿರುಗುವುದು.

ಅಂಗಳದ ಗೋಡೆಯ, ಎಂದರೆ ಪಾಗಾರದ, ಆಚೆ ಮನೆ ನಳಿನಾಕ್ಷಿಯಕ್ಕನದು. ಅವರ ಮನೆಗೆ ಪೇಪರ್ ಬರುತ್ತಿರಲಿಲ್ಲ, ಅಗತ್ಯವೂ ಇರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿ ಪ್ರದಕ್ಷಿಣೆ ಹಾಕುವ ಅಪ್ಪಯ್ಯನನ್ನು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಪಾಗಾರದ ಮೇಲೆ ಕುತ್ತಿಗೆ ಬಂತು.

“ಎಂತ ಪಂಡಿತರೇ, ಊಟ ಆಯಿತಾ?”

ಅಪ್ಪಯ್ಯ ಬೈರಾಸು ಸಡಿಲಿಸಿದರು. ಪ್ರಶ್ನೆಯನ್ನು ಶಬ್ದಶಃ ಪರಿಶೀಲಿಸಿದರು.

“ಇಲ್ಲ.”

ನಳಿನಾಕ್ಷಿಯಕ್ಕ ಬೆಚ್ಚಿದರು. ಅವರ ಜೀವಮಾನದಲ್ಲಿ ಆ ಪ್ರಶ್ನೆಗೆ ಆ ಉತ್ತರ ಬಂದದ್ದು ಅದೇ ಮೊದಲು.

“ಇಲ್ಲವಾ? ಸೂರ್ಯ ನೆತ್ತಿ ದಾಟಿ ಆಯಿತಲ್ಲ?”

“ಊಟ ಬಿಟ್ಟಿದ್ದೇನೆ.”

“ಬಿಟ್ಟಿದ್ದೀರಾ! ಯಾವಾಗಿನಿಂದ?”

“ಸೊಸೆ ಬಂದು ಎರಡು ತಿಂಗಳು ಉಂಡೆ. ಆಮೇಲೆ ಸಾಕೆನ್ನಿಸಿತು.”

“ಅಯ್ಯೋ ದೇವರೇ. ಯಾಕೆ?”

“ಅದು ಹೇಳುವಂಥದ್ದಲ್ಲ ನಳಿನಾಕ್ಷಿ” ಎಂದು ಅಪ್ಪಯ್ಯ ಗಂಭೀರವಾಗಿ ಬೈರಾಸು ಮೂಗಿಗೆ ಏರಿಸಿದರು. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಇಂಗಿನ ಪರಿಮಳ ಬಂತು. ಅಪ್ಪಯ್ಯ ಓಡಿದರು. ನಳಿನಾಕ್ಷಿಯಕ್ಕನೂ ಓಡಿದರು, ಪೇಟೆಯ ಕಡೆಗೆ.

ಅಪ್ಪಯ್ಯ ಒಂದೇ ಒಂದು ಅಸತ್ಯವನ್ನೂ ಆಡಿರಲಿಲ್ಲ. ಊರು ಅದನ್ನು ಕೂಡಿಸಿಕೊಂಡಿತು. ಪೇಟೆಯಲ್ಲಿ ಅದು ‘ಸೊಸೆ ಮಾವನಿಗೆ ಅನ್ನ ಹಾಕುವುದಿಲ್ಲವಂತೆ’ ಎಂದಾಯಿತು. ಕಿಟ್ಟನ ಬಸ್ಸು ಹತ್ತಿ ಕಟಪಾಡಿಗೆ ಹೋಗುವಾಗ ‘ಸೊಸೆಯ ಕೈ ಅನ್ನ ಮಾವ ಮುಟ್ಟುವುದಿಲ್ಲವಂತೆ’ ಎಂದಾಯಿತು. ಇವೆರಡರ ನಡುವೆ ಬಹಳ ವ್ಯತ್ಯಾಸ ಉಂಟು. ಮೊದಲನೆಯದರಲ್ಲಿ ಸೊಸೆ ಕೆಟ್ಟವಳು, ಅಷ್ಟೆ. ಎರಡನೆಯದರಲ್ಲಿ ಅವಳ ತವರಿನ ಮೂರು ತಲೆಮಾರಿನಲ್ಲಿ ಎಲ್ಲಿಯೋ ಏನೋ ದೋಷ ಉಂಟು, ಅದು ಮದುವೆಯಾದ ಮೇಲೆ ಗೊತ್ತಾಗಿದೆ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಿಟ್ಟ ಕಾರ್ಕಳದ ಬಸ್ಸಿನ ಕಂಡಕ್ಟರನ ಜೊತೆ ಚಾ ಕುಡಿಯುವವನು. ಇನ್ನು ಹೇಳಬೇಕಾದದ್ದೇನಿದೆ?

ಶಾಲೆಯಲ್ಲಿ ಇನ್ನೊಂದು ಬಗೆಯಾಯಿತು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವಾಗ ಅಪ್ಪಯ್ಯ ಲೈಬ್ರರಿಯ ಮೂಲೆಗೆ ಹೋಗಿ ಕೂರುವುದನ್ನು ಹೆಡ್‌ಮಾಸ್ಟರ್ ಅಲೆಕ್ಸಾಂಡರ್ ಗಮನಿಸಿದರು. ಅದೇ ತಿಂಗಳು ಅವರು ಟೈಂಟೇಬಲ್ಲಿನಿಂದ ಕನ್ನಡದ ಒಂದು ಪೀರಿಯಡ್ ತೆಗೆದು ಡ್ರಿಲ್ಲಿಗೆ ಕೊಟ್ಟಿದ್ದರು. ಇದು ಅದಕ್ಕೇ ಹೂಡಿದ ಉಪವಾಸ ಸತ್ಯಾಗ್ರಹವೆಂದು ಅವರು ನಿಶ್ಚಯಿಸಿದರು.

“ಪಂಡಿತರೇ, ಊಟ ಆಯಿತಾ?” ಎಂದು ಮೆಲ್ಲನೆ ಕೇಳಿದರಂತೆ.

“ಬಿಟ್ಟಿದ್ದೇನೆ.”

“ಎಷ್ಟು ಸಮಯಕ್ಕೆ?”

“ಗುರಿ ಮುಟ್ಟುವವರೆಗೆ.”

ಮರುದಿನ ಬೆಳಿಗ್ಗೆ ಕನ್ನಡದ ಪೀರಿಯಡ್ ತನ್ನ ಜಾಗಕ್ಕೆ ವಾಪಸು ಬಂದಿತ್ತು. ಅದರ ಬೆನ್ನಿಗೇ, ಯಾರೂ ಕೇಳದ ಇನ್ನೊಂದು ಪೀರಿಯಡ್ಡೂ ಬಂದಿತ್ತು. ಆದರೂ ಪಂಡಿತರು ಉಣ್ಣಲಿಲ್ಲ. ಹೆಡ್‌ಮಾಸ್ಟರರು ಲೈಬ್ರರಿಯ ಬಾಗಿಲಿಗೆ ಕಿವಿಯಿಟ್ಟರು. ಒಳಗಿನಿಂದ ಕರಕರ ಸದ್ದು. ಹಸಿವೆಯಿಂದ ಪಂಡಿತರು ಹಲ್ಲು ಕಡಿಯುತ್ತಿದ್ದಾರೆಂದು ತಿಳಿದು ಅವರು ರಜೆ ಹಾಕಿ ಮನೆಗೆ ಹೋದರು.

ಇದನ್ನೆಲ್ಲ ಅಪ್ಪಯ್ಯ ತಮ್ಮ ಗಾಂಭೀರ್ಯಕ್ಕೆ ಸಲ್ಲುತ್ತಿರುವ ಗೌರವವೆಂದು ತಿಳಿದರು. ಮನೆಯಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಅತ್ತಿಗೆ ಬಾವಿಗೆ ಹೋದರೆ ಪಾಗಾರದ ಆಚೆಯ ಮಾತು ನಿಲ್ಲುತ್ತಿತ್ತು. ದೇವಸ್ಥಾನಕ್ಕೆ ಹೋದರೆ ಹೆಂಗಸರು ಅವಳ ಕೈಯನ್ನೇ ನೋಡುತ್ತಿದ್ದರು. ನಳಿನಾಕ್ಷಿಯಕ್ಕ ಒಂದು ಬಟ್ಟಲು ಪತ್ರೊಡೆ ತಂದು ಅತ್ತಿಗೆಯ ಎದುರೇ, “ಪಂಡಿತರೇ, ನಮ್ಮ ಮನೆಯದ್ದು. ಧೈರ್ಯದಿಂದ ತಿನ್ನಿ” ಎಂದರು. ಅತ್ತಿಗೆ ಉಪ್ಪು ಕಡಿಮೆ ಮಾಡಿ ನೋಡಿದಳು, ಹುಳಿ ಕಡಿಮೆ ಮಾಡಿ ನೋಡಿದಳು, ಇನ್ನೂ ರುಚಿಯಾಗಿ ಮಾಡಿ ನೋಡಿದಳು. ರುಚಿ ಹೆಚ್ಚಿದಷ್ಟೂ ಮಾವ ದೂರ ಓಡಿದರು. ಅಣ್ಣನಿಗೆ ಹೇಳಿದಳು. ಅಣ್ಣ ಅಪ್ಪಯ್ಯನ ಮುಂದೆ ನಿಂತು, “ಅಪ್ಪಯ್ಯ, ನೀವು…” ಎಂದ. “ನೀವು ಎಂಬುದು ಸರ್ವನಾಮ, ಮುಂದೆ ಹೇಳು” ಎಂದರು ಅಪ್ಪಯ್ಯ. ಅವನಿಗೆ ಮುಂದಿನದು ಬರಲಿಲ್ಲ. ಆ ಹುಡುಗನಿಗೆ ಮೊದಲಿನಿಂದಲೂ ಅಷ್ಟೆ.

ಕೊನೆಗೆ ಅವಳು ನನ್ನನ್ನೇ ಹಿಡಿದಳು. ಗುಳ್ಳ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು ಕೇಳಿದಳು.

“ಸ್ವರ್ಣಾ, ಮಾವ ಯಾಕೆ ಹೀಗೆ ಮಾಡುತ್ತಾರೆ? ನಿನಗೆ ಗೊತ್ತುಂಟು ಅಲ್ವಾ?”

“ಗೊತ್ತುಂಟು.”

“ಎಂತ?”

“ಹೇಳಬಾರದು.”

“ಹೇಳಲಿಕ್ಕಾಗದಷ್ಟು ಕೆಟ್ಟದಾ?”

“ಕೆಟ್ಟದಲ್ಲ ಅತ್ತಿಗೆ. ನಿನಗೆ ಬೇಸರವಾಗುತ್ತದೆಂದು…” ಎಂದು ನಿಲ್ಲಿಸಿದೆ. ಸಮಾಧಾನ ಮಾಡುವ ನನ್ನ ಶಕ್ತಿಗೆ ಅಂದು ಮಿತಿಯೇ ಇರಲಿಲ್ಲ. ಅತ್ತಿಗೆ ಕತ್ತಿ ಎತ್ತಿಕೊಂಡು ಮತ್ತೆ ಹೆಚ್ಚತೊಡಗಿದಳು. ಹೋಳುಗಳ ಮೇಲೆ ಬಿದ್ದದ್ದು ನೀರುಳ್ಳಿಯ ಕಣ್ಣೀರೆಂದು ಹೇಳುವಂತಿಲ್ಲ. ನಮ್ಮ ಮನೆಯಲ್ಲಿ ನೀರುಳ್ಳಿ ತರುವುದಿಲ್ಲ.

ಆದಿತ್ಯವಾರ ಬೆಳಿಗ್ಗೆ ಹೆದ್ದಾರಿಯ ಬದಿಯ ನಮ್ಮ ಮನೆಯ ಗೇಟಿನಲ್ಲಿ ಕಾರ್ಕಳದ ಟ್ಯಾಕ್ಸಿ ನಿಂತಿತು. ಇಳಿದವರು ತಾರಾನಾಥ ಭಟ್ಟರೊಬ್ಬರೇ. ಹಿಂದಿನ ಸೀಟು ಖಾಲಿ. ಡಿಕ್ಕಿಯ ಬಾಗಿಲಿಗೆ ಹಗ್ಗ ಕಟ್ಟಿತ್ತು, ದೊಡ್ಡ ಸಾಮಾನು ಹಾಕಲಿಕ್ಕೆ ತಯಾರಾಗಿ.

“ಬನ್ನಿ ಭಟ್ಟರೇ, ಬನ್ನಿ!” ಎಂದು ಅಪ್ಪಯ್ಯ ಸಡಗರದಿಂದ ಎದ್ದರು. ನಾನು ಪದ್ಧತಿಯಂತೆ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ಜಗಲಿಯಲ್ಲಿಟ್ಟೆ. ಭಟ್ಟರು ತಟ್ಟೆಯನ್ನು ಒಂದು ಬೆರಳಿನಿಂದ ಆಚೆಗೆ ಸರಿಸಿದರು.

ನಮ್ಮಲ್ಲಿ ಜಗಳವಾದರೂ ಬೆಲ್ಲ ನೀರು ತೆಗೆದುಕೊಂಡು ಜಗಳವಾಡುತ್ತಾರೆ. ಅದನ್ನು ಸರಿಸಿದರೆಂದರೆ ಮುಂದೆ ಮಾತಿಲ್ಲ. ಬಾಗಿಲ ಹಿಂದೆ ಅತ್ತಿಗೆಯ ಬಳೆಗಳ ಸದ್ದು ನಿಂತಿತು. ಪಾಗಾರದ ಮೇಲೆ ನಳಿನಾಕ್ಷಿಯಕ್ಕನ ಕುತ್ತಿಗೆ ಬಂತು.

ಅಪ್ಪಯ್ಯನ ಮುಖ ಮಾತ್ರ ಅರಳಿತು.

“ಓಹೋ! ನೀವೂ ಬೆಲ್ಲ ಬಿಟ್ಟಿರಾ?”

“ಬಿಡಬೇಕಾಗಿ ಬಂತು” ಎಂದರು ಭಟ್ಟರು. ಅವರ ಸ್ವರದಲ್ಲಿ ತಾಮ್ರದ ಹಂಡೆ ನೆಲಕ್ಕೆ ತಾಗಿದಂತಿತ್ತು. “ನೀವು ಅನ್ನ ಬಿಟ್ಟ ಮೇಲೆ ನಾನು ಬೆಲ್ಲ ತಿನ್ನುವುದು ಹೇಗೆ?”

“ಒಳ್ಳೆಯ ನಿರ್ಧಾರ. ಒಬ್ಬರನ್ನು ನೋಡಿ ಒಬ್ಬರು ಶುರು ಮಾಡಬೇಕು.”

“ಉಪಾಧ್ಯರೇ, ತಮಾಷೆ ಬೇಡ. ಕಾರ್ಕಳದಲ್ಲಿ ನಾನು ಅಂಗಡಿಯ ಬಾಗಿಲು ತೆರೆಯುವ ಹಾಗಿಲ್ಲ. ಪಾತ್ರೆ ಕೊಳ್ಳಲಿಕ್ಕೆ ಬಂದವರು ಪಾತ್ರೆ ಬಿಟ್ಟು ನನ್ನ ಮುಖ ನೋಡುತ್ತಾರೆ. ನೀವು ಊಟ ಬಿಟ್ಟದ್ದು ನಿಜವಾ?”

“ನಿಜ.”

“ನನ್ನ ಮಗಳು ಅಡುಗೆ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟುವುದು ನಿಜವಾ?”

“ಅದೂ ನಿಜ. ಕಟ್ಟದಿದ್ದರೆ ತಡೆಯುವುದಕ್ಕೇ ಆಗುವುದಿಲ್ಲ.”

“ಯಾಕೆ? ಕಾರಣ ಹೇಳಿ. ನಮ್ಮ ಮನೆತನದಲ್ಲಿ ಎಂತ ಕಂಡಿರಿ?”

ಮನೆತನ ಎಲ್ಲಿಂದ ಬಂತೆಂದು ಅಪ್ಪಯ್ಯನಿಗೆ ತಿಳಿಯಲಿಲ್ಲ. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಗುಟ್ಟು ಬಿಡದೆ, ಸುಳ್ಳೂ ಹೇಳದೆ, ಒಂದು ವಾಕ್ಯವನ್ನು ಆರಿಸಿ ಜೋಡಿಸಿದರು.

“ಮನೆತನದ ಮಾತಿಲ್ಲ ಭಟ್ಟರೇ. ಅವಳ ಅಡುಗೆಯೇ ಕಾರಣ.”

ಭಟ್ಟರು ಎದ್ದು ನಿಂತರು.

“ಸುಭಾಷಿಣೀ!”

ಕರೆಯುವ ಮೊದಲೇ ಅವಳು ಹೊಸ್ತಿಲಲ್ಲಿದ್ದಳು. ಕೈಯಲ್ಲಿ ಮದುವೆಯ ಟ್ರಂಕು. ಹಿಂದೆ ಅಣ್ಣ, ಟ್ರಂಕಿನ ಇನ್ನೊಂದು ಕಿವಿ ಹಿಡಿದುಕೊಂಡು. ಹೊರಗೆ ತರಲು ಸಹಾಯ ಮಾಡುತ್ತಿದ್ದಾನೋ ಒಳಗೆ ಎಳೆಯುತ್ತಿದ್ದಾನೋ ಅವನಿಗೇ ನಿಶ್ಚಯವಿರಲಿಲ್ಲ.

“ಮಾವ, ಹುಳಿ ಇಳಿಸಿ ಇಟ್ಟಿದ್ದೇನೆ” ಎಂದಳು ಅತ್ತಿಗೆ. “ಗಂಜಿ ಬಾಗಿಸಿ ಅನ್ನ ಆಗಿದೆ. ಇನ್ನು ಯಾರು ಬೇಕಾದರೂ ಬಡಿಸಬಹುದು.” ಅಷ್ಟು ಹೇಳಿ ಬಗ್ಗಿ ಅಪ್ಪಯ್ಯನ ಕಾಲು ಮುಟ್ಟಿದಳು.

“ಎಲ್ಲಿಗೆ ಹೊರಟಿ ಮಗೂ?” ಎಂದರು ಅಪ್ಪಯ್ಯ, ದಿಕ್ಕು ತಪ್ಪಿ.

ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಕಿರ್ರೆಂದು ಬ್ರೇಕು ಹಾಕಿ ಬಸ್ಸೊಂದು ನಮ್ಮ ಗೇಟಿನಲ್ಲೇ ನಿಂತಿತು. ಬಸ್ಸಿನ ತುಂಬ ಜನ. ಕಿಟ್ಟ ಹಾರಿ ಇಳಿದು ಕಾಗದ ಸುತ್ತಿದ ಪೊಟ್ಟಣವೊಂದನ್ನು ಎತ್ತಿ ಹಿಡಿದು ಕೂಗುತ್ತ ಬಂದ.

“ಪಂಡಿತರೇ! ಮೊಯ್ದೀನ್ ಸಾಹೇಬ್ರು ಕೊಟ್ಟದ್ದು! ಯಾರಿಗೂ ತೋರಿಸಬೇಡ ಅಂತ ಹೇಳಿದ್ದಾರೆ!”

ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಹಾಕಿತು. ಟ್ಯಾಕ್ಸಿ, ಟ್ರಂಕು, ಭಟ್ಟರ ಮುಖ ಎಲ್ಲವನ್ನೂ ಒಟ್ಟಿಗೆ ಕಂಡ ಕಿಟ್ಟ ಗಕ್ಕನೆ ನಿಂತ. ಪೊಟ್ಟಣ ಕೈಜಾರಿ ಅಂಗಳಕ್ಕೆ ಬಿತ್ತು. ಕಾಗದ ಹರಿದು ಡಬ್ಬದ ಮೇಲಿನ ಫಾರಿನ್ ಹೆಂಗಸು ಸೊಂಟಕ್ಕೆ ಟೇಪು ಸುತ್ತಿಕೊಂಡು ಆಕಾಶ ನೋಡಿ ನಕ್ಕಳು.

“ಈ ಹೆಂಗಸು ಯಾರು?” ಎಂದರು ಭಟ್ಟರು.

“ಅಯ್ಯೋ!” ಎಂದಿತು ಪಾಗಾರದ ಮೇಲಿನ ಕುತ್ತಿಗೆ. “ಇವರ ಹೆಂಡತಿ ಬೊಂಬಾಯಿಗೆ ಹೋಗಿ ಎಷ್ಟು ಸಮಯವಾಯಿತು!”

ಭಟ್ಟರು ಟ್ರಂಕಿಗೆ ಕೈ ಹಾಕಿ ಒಂದು ಸಲ ಜಗ್ಗಿದರು. ಅಣ್ಣನ ಕೈಯಿಂದ ಅದು ಕಿತ್ತು ಬಂತು. ಅತ್ತಿಗೆ ಮೆಟ್ಟಲು ಇಳಿದಳು. ಒಂದು, ಎರಡು.

“ಅಪ್ಪಯ್ಯ, ವಾಕ್ಯ ತಪ್ಪಿದೆ.”

ಯಾರು ಮಾತಾಡಿದ್ದೆಂದು ಎಲ್ಲರೂ ಆಚೀಚೆ ನೋಡಿದರು. ಕಂಬದ ಬದಿಯಲ್ಲಿ ನಾನೊಬ್ಬಳಿದ್ದೇನೆಂಬುದು ಅಷ್ಟರವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಅಪ್ಪಯ್ಯ ಸರ್ರನೆ ತಿರುಗಿದರು. ಸೊಸೆ ಹೋಗುತ್ತಿದ್ದಳು, ಮಾನ ಹೋಗುತ್ತಿತ್ತು. ಅದೆಲ್ಲ ಒಂದು ಕ್ಷಣ ಅವರ ಮುಖದಿಂದ ಅಳಿಸಿಹೋಯಿತು.

“ಯಾವ ವಾಕ್ಯ?”

“‘ಅವಳ ಅಡುಗೆಯೇ ಕಾರಣ’ ಎಂದಿರಿ. ಅದರಲ್ಲಿ ವಿಶೇಷಣ ಇಲ್ಲ. ಎಂಥ ಅಡುಗೆ?”

“ಎಂಥ ಎಂದರೆ? ರುಚಿಯಾದ ಅಡುಗೆ. ಅತಿ ರುಚಿಯಾದ ಅಡುಗೆ. ಅದು ಅಧ್ಯಾಹಾರ, ಹೇಳದೆಯೇ ತಿಳಿಯುತ್ತದೆ.”

“ತಿಳಿಯಲಿಲ್ಲ ಅಪ್ಪಯ್ಯ. ಯಾರಿಗೂ ತಿಳಿಯಲಿಲ್ಲ.” ನಾನು ಕಂಬದ ಬದಿಯಿಂದ ಈಚೆ ಬಂದೆ. “ಇನ್ನೊಂದು ತಪ್ಪುಂಟು. ಕಾರಣ ಎಂದ ಮೇಲೆ ಕಾರ್ಯ ಬೇಕು. ಯಾವುದಕ್ಕೆ ಕಾರಣ?”

ಅಪ್ಪಯ್ಯ ಉತ್ತರಕ್ಕೆಂದು ಬಾಯಿ ತೆರೆದವರು ಅಲ್ಲೇ ನಿಂತರು. ಎದುರಿಗೆ ಕಿಟ್ಟ. ಕಿಟ್ಟನ ಹಿಂದೆ ಬಸ್ಸು. ಬಸ್ಸಿನ ಹಿಂದೆ ಮಂಗಳೂರಿನವರೆಗಿನ ಹೆದ್ದಾರಿ.

ಭಟ್ಟರು ಟ್ರಂಕನ್ನು ಡಿಕ್ಕಿಯ ಅಂಚಿಗೆ ಇಟ್ಟರು. ಟ್ಯಾಕ್ಸಿಯ ಬಾಗಿಲು ತೆರೆಯಿತು. ಅತ್ತಿಗೆ ಒಂದು ಕಾಲು ಒಳಗಿಟ್ಟಳು.

“ತೂಕಕ್ಕೆ!” ಎಂದು ಅಪ್ಪಯ್ಯ ಅಂಗಳಕ್ಕೆ ಧುಮುಕಿ ಕೂಗಿದರು. “ನನ್ನ ತೂಕಕ್ಕೆ! ನೋಡಿ, ಎಲ್ಲರೂ ನೋಡಿ, ಈ ಹೊಟ್ಟೆಗೆ! ಎಂಥ ಹುಳಿ ಮಾಡುತ್ತಾಳೆ ಗೊತ್ತುಂಟಾ ನಿಮಗೆ? ಒಂದು ಮುಷ್ಟಿ ಉಣ್ಣಲಿಕ್ಕೆ ಕೂತವ ಒಂದು ಹಂಡೆ ಉಂಡು ಏಳುತ್ತೇನೆ! ಬಸ್ಸಿನಲ್ಲಿ ಇವ ಒಂದೂವರೆ ಟಿಕೆಟ್ ಎನ್ನುತ್ತಾನೆ! ಅದಕ್ಕೆ ಊಟ ಬಿಟ್ಟೆ. ಅದಕ್ಕೆ ಈ ಪೊರೆ ಸಹಿಸಿದೆ. ಹುಳಿಯ ಪರಿಮಳ ತಡೆಯಲಾರದೆ ಮೂಗು ಕಟ್ಟಿದೆ. ಮಗೂ ಸುಭಾಷಿಣೀ, ನಿನ್ನ ಒಗ್ಗರಣೆಯ ಕಾಲದಲ್ಲಿ ನಾನು ಪಟ್ಟದ್ದನ್ನು ಶತ್ರುವೂ ಪಡಬಾರದು!”

ಬಸ್ಸು ನಗಲಿಲ್ಲ. ಅದೇ ಆಶ್ಚರ್ಯ. ಕಿಟ್ಟ ಕೆಳಗೆ ಬಿದ್ದ ಡಬ್ಬ ಎತ್ತಿ ಹೆಂಗಸಿನ ಮುಖದ ಧೂಳು ಒರೆಸಿ ಜಗಲಿಯ ಮೇಲಿಟ್ಟು, “ಪಂಡಿತರೇ, ಅದು ನಾನು ಸುಮ್ಮನೆ ತಮಾಷೆಗೆ…” ಎಂದು ತಲೆ ಕೆರೆದುಕೊಂಡ.

ಭಟ್ಟರು ಮಾತ್ರ ಕರಗಲಿಲ್ಲ. ಪಾತ್ರೆ ವ್ಯಾಪಾರದವರು, ತಟ್ಟಿ ಸದ್ದು ಕೇಳದೆ ಯಾವುದನ್ನೂ ಒಪ್ಪುವವರಲ್ಲ.

“ಮಾತು ಕೇಳಿದೆ” ಎಂದರು. “ಎಲೆ ಹಾಕಿ. ಉಣ್ಣಲಿ. ನೋಡುತ್ತೇನೆ.”

ಜಗಲಿಯಲ್ಲೇ ಎಲೆ ಹಾಕಿದೆ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಂದು ಕುಚ್ಚಲಕ್ಕಿ ಅನ್ನ ಬಡಿಸಿದಳು, ಗುಳ್ಳದ ಹುಳಿ ಹಾಕಿದಳು. ಅಪ್ಪಯ್ಯ ಆಪೋಶನ ತೆಗೆದುಕೊಂಡು ಮೊದಲ ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎರಡೂ ಕಣ್ಣಿನ ಕೊನೆಯಿಂದ ನೀರು ಇಳಿಯಿತು.

“ಖಾರವಾ ಮಾವ?” ಎಂದಳು ಅತ್ತಿಗೆ, ಗಾಬರಿಯಾಗಿ.

ಅಪ್ಪಯ್ಯ ತಲೆ ಅಲ್ಲಾಡಿಸಿ ಎಲೆ ತೋರಿಸಿದರು. ಬಡಿಸಿದಳು. ಮತ್ತೆ ತೋರಿಸಿದರು. ಮತ್ತೆ ಬಡಿಸಿದಳು. ಬಸ್ಸಿನ ಡ್ರೈವರ್ ಎಂಜಿನ್ ನಿಲ್ಲಿಸಿದ. ಪೊರೆಯ ದಿನಗಳ ಬಾಕಿಯೆಲ್ಲ ಆ ಎಲೆಯ ಮೇಲೆ ತೀರುತ್ತಿತ್ತು. ನಡುವೆ ಎಲ್ಲಿಯೋ ಭಟ್ಟರು ಕೈ ಚಾಚಿ ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿ ಚೊಂಬೆತ್ತಿ ನೀರು ಕುಡಿದದ್ದನ್ನು ನಾನು ನೋಡಿದೆ. ಆಮೇಲೆ ಅವರು ಕೆಮ್ಮಿ, “ಸ್ವಲ್ಪ ಹುಳಿ ನನಗೂ ಇದ್ದರೆ…” ಎಂದರು.

ಅಣ್ಣ ಟ್ರಂಕನ್ನು ಒಳಗೆ ಹೊತ್ತ. ಈ ಸಲ ದಿಕ್ಕಿನಲ್ಲಿ ಸಂಶಯವಿರಲಿಲ್ಲ. ಪಾಗಾರದ ಮೇಲಿಂದ ಕುತ್ತಿಗೆ ಮಾಯವಾಯಿತು. ಹೊಸ ಸುದ್ದಿಯನ್ನು ಹಳೆಯದಕ್ಕಿಂತ ಬೇಗ ಓಡಿಸಬೇಕಾಗಿತ್ತು.

ಎರಡನೆಯ ಡಬ್ಬವನ್ನು ಎಸೆಯುವುದಕ್ಕೆ ಅತ್ತಿಗೆಗೆ ಮನಸ್ಸು ಬರಲಿಲ್ಲ. ಮರುದಿನ ಅದಕ್ಕೆ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು, ತೆಂಗಿನತುರಿ ಬೆಲ್ಲ ಬೆರೆಸಿ ಅವಲಕ್ಕಿಯ ಹಾಗೆ ಕಲಸಿಟ್ಟಳು. ಅಪ್ಪಯ್ಯ ಊಟಕ್ಕೆ ಮುಂಚೆ ಅದನ್ನು ಮೂರು ಸಲ ಹಾಕಿಸಿಕೊಂಡು, “ಇದು ತಿನ್ನುವುದು” ಎಂದು ಕ್ರಿಯಾಪದವನ್ನು ತಿದ್ದುಪಡಿ ಮಾಡಿದರು. ಹಸಿವೆ ಹತ್ತಿರ ಬರುವುದಿಲ್ಲವೆಂದ ಮೊಯ್ದೀನ್ ಸಾಹೇಬರ ಮಾತು ನಿಜವೇ ಆಯಿತು. ಹಸಿವೆಗೆ ನಮ್ಮ ಮನೆಯಲ್ಲಿ ನಿಲ್ಲಲು ಜಾಗವೇ ಉಳಿಯಲಿಲ್ಲ.

ಮುಂದಿನ ಆದಿತ್ಯವಾರ ಕಾರ್ಕಳದಲ್ಲಿ ಭಟ್ಟರ ಮನೆಯಲ್ಲಿ ಔತಣ. ಅಪ್ಪಯ್ಯ, ಅತ್ತಿಗೆ, ನಾನು ಬೆಳಗಿನ ಬಸ್ಸು ಹತ್ತಿದೆವು. ಬ್ಯಾಂಕಿನ ಬಾಕಿ ಲೆಕ್ಕಕ್ಕೆಂದು ಮಣಿಪಾಲಕ್ಕೆ ಹೋಗಿದ್ದ ಅಣ್ಣ ಅಲ್ಲಿಂದ ನೇರ ಬರುವವನಿದ್ದ. ಔತಣಕ್ಕೆ ಹೊಟ್ಟೆ ಖಾಲಿಯಿರಬೇಕೆಂದು ಅಪ್ಪಯ್ಯ ಏನನ್ನೂ ಮುಟ್ಟದೆ ಹೊರಟಿದ್ದರು. ಕಿಟ್ಟ ಟಿಕೆಟ್ ಪುಸ್ತಕ ಹಿಡಿದು ಹತ್ತಿರ ಬಂದ. ಬಸ್ಸಿನ ಮಾತೆಲ್ಲ ನಿಂತಿತು. ಏನಾದರೂ ಹೇಳಬೇಕು, ಏನು ಹೇಳುವುದು? ಅಭ್ಯಾಸ ಅವನ ಕೈಹಿಡಿಯಿತು.

“ಪಂಡಿತರೇ… ಊಟ ಆಯಿತಾ?”

ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡಳು. ಅಪ್ಪಯ್ಯ ಪ್ರಶ್ನೆಯನ್ನು ಶಬ್ದಶಃ ಪರಿಶೀಲಿಸುವುದು ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿತು. ತುಟಿ ಅಲುಗಿತು. ಆಮೇಲೆ ಅವರು, ಜೀವಮಾನದಲ್ಲಿ ಮೊದಲ ಸಲ, ಹಸಿದ ಹೊಟ್ಟೆಯಲ್ಲಿ ನಿಚ್ಚಳವಾಗಿ ಹೇಳಿದರು:

“ಆಯಿತು.”

ಬಸ್ಸು ಉಸಿರು ಬಿಟ್ಟಿತು. ಕಿಟ್ಟ ಬೆವರೊರೆಸಿಕೊಂಡ.

“ಟಿಕೆಟ್… ಉಡುಪಿಗೆ ಮೂರು ಅಲ್ವಾ?”

“ನಾಲ್ಕು” ಎಂದರು ಅಪ್ಪಯ್ಯ.

“ನೀವು ಮೂರೇ ಜನ ಇರುವುದಲ್ವಾ ಪಂಡಿತರೇ?”

ಅಪ್ಪಯ್ಯ ಸೀಟಿನಲ್ಲಿ ಆರಾಮವಾಗಿ ಹರಡಿಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು:

“ಜನ ಮೂರು. ನಾಲ್ಕನೆಯದು ನನ್ನ ಸೊಸೆಯ ಅಡುಗೆಗೆ.”